ಡೋರ್ನಕಲ್‌ನ ತಂಡ್ರಿಗಾರು: ಬಿಷಪ್ ಅಜರಯ್ಯ

1912ರ ಡಿಸೆಂಬರ್ 29, ಭಾನುವಾರ. ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಬಿಳಿಯ ಬಿಷಪ್ಪರು ಸಾಲುಗಟ್ಟಿ ನಿಂತಿದ್ದರು. ಅವರ ಮುಂದೆ ಮೊಣಕಾಲೂರಿದ್ದವರು ತಮಿಳುನಾಡಿನ ತಾಳೆಮರಗಳ ಸೀಮೆಯಿಂದ ಬಂದ 38 ವರ್ಷದ ಒಬ್ಬ ಭಾರತೀಯ. ಆಂಗ್ಲಿಕನ್ ಸಭೆಯ ಚರಿತ್ರೆಯಲ್ಲಿ ಮೊತ್ತಮೊದಲ ಬಾರಿಗೆ ಭಾರತೀಯನೊಬ್ಬ ಬಿಷಪ್ ಪದವಿಗೆ ಏರಿದ ದಿನ ಅದು. ಕೇವಲ ಆರು ದಿನಗಳ ಹಿಂದೆ, ಹೊಸ ರಾಜಧಾನಿ ದೆಹಲಿಯಲ್ಲಿ ಆನೆಯ ಮೇಲೆ ಮೆರವಣಿಗೆ ಹೊರಟಿದ್ದ ವೈಸರಾಯ್ ಹಾರ್ಡಿಂಜರ ಮೇಲೆ ಬಾಂಬ್ ಬಿದ್ದಿತ್ತು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಿನ ನಂಬಿಕೆ ಹರಿದುಹೋಗುತ್ತಿದ್ದ ಹೊತ್ತಿನಲ್ಲಿ, ಆಳುವವರ ಸಭೆಯ ಪಾಲನಾದಂಡ ಆಳಿಸಿಕೊಳ್ಳುವವನ ಕೈಗೆ ಬಂದಿತ್ತು.

ಆ ವ್ಯಕ್ತಿ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ಅಂದಿನಿಂದ 1945ರಲ್ಲಿ ಕಣ್ಮುಚ್ಚುವವರೆಗೆ, ಮೂವತ್ತೆರಡು ವರ್ಷಗಳ ಕಾಲ, ಸ್ವಂತ ಸಭಾಪ್ರಾಂತ್ಯವೊಂದನ್ನು ಹೊಂದಿದ್ದ ಏಕೈಕ ಭಾರತೀಯ ಆಂಗ್ಲಿಕನ್ ಬಿಷಪ್ಪರಾಗಿ ಅವರು ಉಳಿದರು. ಈ ಒಂಟಿತನವೇ ಅವರ ಬದುಕಿನ ದೊಡ್ಡ ಪರೀಕ್ಷೆಯೂ ಆಗಿತ್ತು. ಅವರು ಎಡವಿದ್ದರೆ ಎಡವಿದ್ದು ಅಜರಯ್ಯ ಎಂದು ಯಾರೂ ಹೇಳುತ್ತಿರಲಿಲ್ಲ. ಭಾರತೀಯರು ಆ ಹುದ್ದೆಗೆ ಲಾಯಕ್ಕಲ್ಲ ಎಂದೇ ಹೇಳುತ್ತಿದ್ದರು.

ತಾಳೆಮರಗಳ ನಾಡಿನಿಂದ...

ಅಜರಯ್ಯನವರು ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಿರುನಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಾಳೆಮರ ಹತ್ತಿ ರಸ ಇಳಿಸಿ ಬೆಲ್ಲ ಕಾಯಿಸುವ ಕಸುಬಿನ ನಾಡಾರ್ ಸಮುದಾಯ. ಅಂದಿನ ಕಾಲಕ್ಕೆ ಮೇಲ್ಜಾತಿಯವರ ದೇವಸ್ಥಾನಗಳ ಬಾಗಿಲು ಈ ಜನಕ್ಕೆ ಮುಚ್ಚಿತ್ತು. ತಂದೆ ಥಾಮಸ್ ವೇದನಾಯಗಂ ಕ್ರೈಸ್ತರಾಗಿ ಚರ್ಚ್ ಮಿಷನರಿ ಸೊಸೈಟಿಯ ಹಳ್ಳಿ ಸಭಾಪಾಲಕರಾಗಿದ್ದರು. ಬಹುಕಾಲ ಕಾದ ಮೇಲೆ ಹುಟ್ಟಿದ ಮಗನಿಗೆ ಬೈಬಲ್ಲಿನ ಸಮುವೇಲನ ಹೆಸರಿಟ್ಟವರು ತಾಯಿ ಎಲೆನ್. ಅಜರಯ್ಯ ಹದಿಹರೆಯದಲ್ಲಿದ್ದಾಗಲೇ ತಂದೆ ತೀರಿಕೊಂಡರು. ಮಗನನ್ನು ಓದಿಸಿ ಬೆಳೆಸಿದ್ದು ತಾಯಿಯ ಶಿಸ್ತು.

ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿದರು. ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದು ಪದವಿ ಕೈತಪ್ಪಿತು. 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡುವ ತನಕ ಅವರ ಹೆಸರಿನ ಮುಂದೆ ಯಾವ ಪದವಿಯೂ ಇರಲಿಲ್ಲ.

1895ರಲ್ಲಿ ವೈಎಂಸಿಎ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿದರು. ಮರುವರ್ಷ ಭಾರತಕ್ಕೆ ಬಂದ ಅಮೆರಿಕದ ತರುಣ ಶೆರ್ವುಡ್ ಎಡ್ಡಿ ಅವರಿಗೆ ಗೆಳೆಯರಾದರು. ಬಿಳಿಯನೂ ಕರಿಯನೂ ಒಟ್ಟಿಗೆ ತಿರುಗಿ, ಒಟ್ಟಿಗೆ ಉಂಡು, ಸಮಸಮನಾಗಿ ವಾದ ಮಾಡಬಹುದೆಂಬುದನ್ನು ಅಜರಯ್ಯ ಕಂಡುಕೊಂಡದ್ದು ಈ ಸ್ನೇಹದಲ್ಲಿ. ಹಾಗಾಗಿಯೇ ಇತರ ಮಿಷನರಿಗಳ ಗತ್ತು ಅವರಿಗೆ ಮುಂದೆ ಅಷ್ಟು ಚುಚ್ಚಿತೇನೋ. 1898ರಲ್ಲಿ ಅನ್ಬು ಮರಿಯಮ್ಮಾಳ್ ಅವರನ್ನು ವರದಕ್ಷಿಣೆ ಇಲ್ಲದೆ ಮದುವೆಯಾದರು. ಕಾಲೇಜು ಮೆಟ್ಟಿಲು ಹತ್ತಿದ ದಕ್ಷಿಣದ ಮೊದಲ ಕೆಲವೇ ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಆಕೆ ಒಬ್ಬರು.

1902ರಲ್ಲಿ ಜಾಫ್ನಾಕ್ಕೆ ಹೋದದ್ದು ಬದುಕಿನ ದಿಕ್ಕು ತಿರುಗಿಸಿತು. ಅಲ್ಲಿನ ತಮಿಳು ಕ್ರೈಸ್ತರು ತಾವೇ ಹಣ ಕೂಡಿಸಿ, ತಮ್ಮದೇ ಜನರನ್ನು ಬೇರೆ ನೆಲಕ್ಕೆ ಸುವಾರ್ತೆ ಸಾರಲು ಕಳುಹಿಸುತ್ತಿದ್ದರು. ತಿರುನಲ್ವೇಲಿಯ ಸಭೆಯೂ ಹಳೆಯದೇ, ದೊಡ್ಡದೇ. ಆದರೆ ಅದು ವಿದೇಶದಿಂದ ಪಡೆಯುವುದನ್ನು ಮಾತ್ರ ಕಲಿತಿತ್ತು, ಕೊಡುವುದನ್ನು ಕಲಿತಿರಲಿಲ್ಲ. ನಾಚಿಕೆಯಿಂದಲೇ ಊರಿಗೆ ಮರಳಿದ ಅಜರಯ್ಯ 1903ರ ಫೆಬ್ರವರಿಯಲ್ಲಿ ತಿರುನಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿಗೆ ನಾಂದಿ ಹಾಡಿದರು. ಭಾರತೀಯರ ಹಣ, ಭಾರತೀಯರ ದುಡಿಮೆ, ಭಾರತೀಯರ ಆಡಳಿತ. 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ಎಲ್ಲ ಪ್ರಾಟೆಸ್ಟೆಂಟ್ ಪಂಗಡಗಳನ್ನು ಒಳಗೊಂಡ ನ್ಯಾಷನಲ್ ಮಿಷನರಿ ಸೊಸೈಟಿ ಹುಟ್ಟಿತು; ಅದರ ಹಿಂದೆಯೂ ಅವರಿದ್ದರು. ಇದು ಬಂಗಾಳ ವಿಭಜನೆಯ ವರ್ಷ, ಸ್ವದೇಶಿ ಚಳವಳಿಯ ವರ್ಷ ಎಂಬುದನ್ನು ಮರೆಯಬಾರದು. ಬಟ್ಟೆಯಲ್ಲಿ ಸ್ವದೇಶಿ ಬೇಕೆಂದು ಬೀದಿಯಲ್ಲಿ ಕೂಗು ಕೇಳಿಬರುತ್ತಿದ್ದಾಗ, ಅಜರಯ್ಯ ಸಭೆಯಲ್ಲಿ ಸ್ವದೇಶಿ ತರುತ್ತಿದ್ದರು.

ಅವರ ಸೊಸೈಟಿ ಆರಿಸಿಕೊಂಡ ಕ್ಷೇತ್ರ ಹೈದರಾಬಾದ್ ನಿಜಾಮನ ರಾಜ್ಯದ ಡೋರ್ನಕಲ್. ರೈಲು ಹಳಿಗಳು ಕೂಡುವ ಒಂದು ಚಿಕ್ಕ ಊರು. ಅದರಾಚೆ ಕುರುಚಲು ಕಾಡು, ಬಡ ಹಳ್ಳಿಗಳು. ಬೇರೆಯವರನ್ನು ಅಲ್ಲಿಗೆ ಕಳುಹಿಸಿ ತಾನು ಮದರಾಸಿನಲ್ಲಿ ಕುಳಿತಿರುವುದು ಅಜರಯ್ಯನವರಿಗೆ ಸರಿಕಾಣಲಿಲ್ಲ. 1909ರಲ್ಲಿ ವೈಎಂಸಿಎ ಹುದ್ದೆ ಬಿಟ್ಟು, ಗುರುದೀಕ್ಷೆ ಪಡೆದು, ಹೆಂಡತಿ ಮಕ್ಕಳೊಂದಿಗೆ ಡೋರ್ನಕಲ್ ಸೇರಿದರು. ಮೊದಲ ದಿನಗಳ ವಾಸ ಡೇರೆಯಲ್ಲಿ. ತೆಲುಗನ್ನು ಅಕ್ಷರದಿಂದ ಕಲಿಯಬೇಕಾಯಿತು.

ಎಡಿನ್‌ಬರೊದಲ್ಲಿ ಆಡಿದ ಮಾತು

1910ರ ಜೂನ್. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ವಿಶ್ವ ಮಿಷನರಿ ಸಮ್ಮೇಳನ. ಸುಮಾರು 1,200 ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಬೆರಳೆಣಿಕೆಯಷ್ಟು. ವಿದೇಶಿ ಮತ್ತು ದೇಶೀಯ ಸೇವಕರ ನಡುವಿನ ಸಹಕಾರದ ಬಗ್ಗೆ ಮಾತಾಡುವ ಹೊಣೆ ಅಜರಯ್ಯನವರ ಪಾಲಿಗೆ ಬಂತು. ಸಭಿಕರು ನಿರೀಕ್ಷಿಸಿದ್ದು ಕೃತಜ್ಞತೆಯ ಭಾಷಣ.

ಕೃತಜ್ಞತೆ ಇತ್ತು. ಆದರೆ ಅದರ ಜತೆಗೆ ಬೇರೆಯದೂ ಇತ್ತು. ಭಾರತದಲ್ಲಿ ಮಿಷನರಿಗೂ ಭಾರತೀಯ ಸೇವಕನಿಗೂ ಇರುವ ಸಂಬಂಧ ಯಜಮಾನನಿಗೂ ಆಳಿಗೂ ಇರುವಂಥದ್ದು ಎಂದು ಅವರು ನೇರವಾಗಿ ಹೇಳಿದರು. ವರ್ಷಗಟ್ಟಲೆ ಜತೆಗೆ ದುಡಿದವರನ್ನು ಊಟಕ್ಕೆ ಕರೆಯದವರಿದ್ದಾರೆ, ಅವರ ಮನೆಯ ಹೊಸ್ತಿಲು ತುಳಿಯದವರಿದ್ದಾರೆ ಎಂದರು. ಮಿಷನರಿಗಳ ತ್ಯಾಗವನ್ನು ಭಾರತದ ಸಭೆ ತಲೆತಲಾಂತರ ನೆನೆಯುತ್ತದೆ; ಆದರೆ ಅದಕ್ಕೆ ಬೇಕಾಗಿರುವುದು ದಾನಿಗಳಲ್ಲ, ಸ್ನೇಹಿತರು ಎಂಬುದು ಅವರ ಮಾತಿನ ತಾತ್ಪರ್ಯ. ಸಭಾಂಗಣ ತಣ್ಣಗಾಯಿತು. ಕೆಲವರು ಗೊಣಗಿದರು, ಕೆಲವರು ಸಿಟ್ಟಾದರು. ಆ ಸಮ್ಮೇಳನದ ನೂರಾರು ಭಾಷಣಗಳಲ್ಲಿ ಶತಮಾನದ ಬಳಿಕವೂ ನೆನಪಾಗುತ್ತಿರುವುದು ಈ ಒಂದೇ ಭಾಷಣ ಎಂದರೂ ನಡೆದೀತು.

ಇಷ್ಟೆಲ್ಲ ಆದ ಎರಡೇ ವರ್ಷಕ್ಕೆ ಅವರು ಬಿಷಪ್ ಆದದ್ದು ಅಚ್ಚರಿಯೇ. ಅದಕ್ಕೆ ಕಾರಣಕರ್ತರು ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ತೆಲುಗು ಸೀಮೆಯಲ್ಲಿ ಹಳ್ಳಿಗೆ ಹಳ್ಳಿಯೇ ಕ್ರೈಸ್ತವಾಗುತ್ತಿದ್ದ ಹೊತ್ತಿನಲ್ಲಿ, ಅಲ್ಲಿನ ನೆಲಕ್ಕೆ ಒಗ್ಗುವ ನಾಯಕ ಬೇಕೆಂದು ಅವರಿಗೆ ಮನವರಿಕೆಯಾಗಿತ್ತು. ವಿರೋಧ ಎರಡು ಕಡೆಯಿಂದ ಬಂತು. ಬಿಳಿಯರು ಕರಿಯ ಬಿಷಪ್ಪನ ಆಜ್ಞೆ ಪಾಲಿಸಬೇಕೇ ಎಂಬುದು ಮಿಷನರಿಗಳ ಆತಂಕ. ನಾಡಾರ್ ಕುಲದವನಿಗೆ ಈ ಗೌರವವೇ ಎಂಬುದು ಮೇಲ್ಜಾತಿ ಮೂಲದ ಕೆಲವು ತಮಿಳು ಕ್ರೈಸ್ತರ ಕಸಿವಿಸಿ. ಮೊದಲನೆಯದನ್ನು ಚರಿತ್ರೆಕಾರರು ಸಾಕಷ್ಟು ಬರೆದಿದ್ದಾರೆ. ಎರಡನೆಯದರ ಬಗ್ಗೆ ಮಾತು ಕಡಿಮೆ.

ರಾಜಿಯಾಗಿ ಅವರಿಗೆ ದೊರೆತದ್ದು ಚಿಕ್ಕ ಸಭಾಪ್ರಾಂತ್ಯ. ಕೈಕೆಳಗೆ ಆರು ಮಂದಿ ಭಾರತೀಯ ಗುರುಗಳು. ಪ್ರಯೋಗ ವಿಫಲವಾದರೂ ನಷ್ಟ ಹೆಚ್ಚಿರಬಾರದು ಎಂಬ ಲೆಕ್ಕಾಚಾರ ಅದರಲ್ಲಿ ಇಲ್ಲದಿರಲಿಲ್ಲ. ಆದರೆ 1920ರ ದಶಕದ ಆರಂಭದಲ್ಲಿ ಕೃಷ್ಣಾ ತೀರದ ಮಿಷನ್ ಪ್ರದೇಶಗಳೂ ಡೋರ್ನಕಲ್‌ಗೆ ಸೇರಿದವು. ಇಂಗ್ಲಿಷ್ ಮಿಷನರಿಗಳು ಅಜರಯ್ಯನವರ ಅಧೀನಕ್ಕೆ ಬಂದರು. ಒಪ್ಪದೆ ಮುಖ ಗಂಟಿಕ್ಕಿದವರೂ ವರ್ಷಗಳು ಕಳೆದಂತೆ ಒಗ್ಗಿಕೊಂಡರು. 1935ರಲ್ಲಿ ಆಂಥೊನಿ ಎಲಿಯಟ್ ಎಂಬ ಆಂಗ್ಲರು ಅವರ ಸಹಾಯಕ ಬಿಷಪ್ ಆಗಿ ನೇಮಕಗೊಂಡರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಆಂಗ್ಲನೊಬ್ಬ ಭಾರತೀಯನ ಕೈಕೆಳಗಿನ ಅಧಿಕಾರಿಯಾಗಿ ದುಡಿದ ನಿದರ್ಶನಗಳು ಆಗ ಹೆಚ್ಚಿರಲಿಲ್ಲ.

ಮಾಲರ ಕೇರಿ, ಮಾದಿಗರ ಕೇರಿ

ಅಜರಯ್ಯನವರ ಸಭೆಯ ಬಹುಪಾಲು ಜನ ಮಾಲರು ಮತ್ತು ಮಾದಿಗರು. ಊರ ಹೊರಗಿನ ಕೇರಿ, ಜಮೀನ್ದಾರರ ಬಿಟ್ಟಿ ಚಾಕರಿ, ತಲೆಮಾರುಗಳಿಂದ ತೀರದ ಸಾಲ. ಕೇರಿಯ ಹಿರಿಯರು ಕೂಡಿ ಮಾತಾಡಿಕೊಂಡು, ತಮಗೊಬ್ಬ ಉಪದೇಶಿಯನ್ನು ಕಳುಹಿಸಿ ಎಂದು ಕೇಳಿಕೊಂಡು ಬರುತ್ತಿದ್ದರು. ಮನೆಗೆ ಮನೆಯೇ, ಕೇರಿಗೆ ಕೇರಿಯೇ ದೀಕ್ಷಾಸ್ನಾನ ಪಡೆಯುತ್ತಿತ್ತು. ಅವರು ಸಾಯುವ ಹೊತ್ತಿಗೆ ಡೋರ್ನಕಲ್ ಪ್ರಾಂತ್ಯದ ಕ್ರೈಸ್ತರ ಸಂಖ್ಯೆ ಎರಡು ಲಕ್ಷದ ಆಸುಪಾಸಿನಲ್ಲಿತ್ತು.

ಸಂಖ್ಯೆ ಬೆಳೆದಂತೆ ಸಮಸ್ಯೆಯೂ ಬೆಳೆಯಿತು. ಇಷ್ಟು ಜನರನ್ನು ಪಾಲಿಸುವವರು ಯಾರು? ಕಾಲೇಜು ಓದಿದ, ಇಂಗ್ಲಿಷ್ ಬಲ್ಲ ಗುರುಗಳನ್ನು ಕಾದು ಕುಳಿತರೆ ಹಳ್ಳಿಗಳು ಅನಾಥವಾಗುತ್ತಿದ್ದವು. ಅಂಥವರು ಸಿಕ್ಕರೂ ಅವರ ಸಂಬಳ ಕೊಡುವ ಶಕ್ತಿ ಕೂಲಿ ಮಾಡಿ ಬದುಕುವ ಸಭೆಗೆ ಇರಲಿಲ್ಲ. ಸಂಬಳ ವಿದೇಶದಿಂದ ಬಂದರೆ ಗುರು ವಿದೇಶದ ನೌಕರನಾಗುತ್ತಾನೆ. ಈ ಗಂಟನ್ನು ಬಿಡಿಸಲು ಅಜರಯ್ಯ ಹಿಡಿದ ದಾರಿ ಅನೇಕರಿಗೆ ರುಚಿಸಲಿಲ್ಲ. ಅದೇ ಕೇರಿಗಳಲ್ಲಿ ಹುಟ್ಟಿ ಬೆಳೆದ, ಹೆಚ್ಚು ಓದದ, ಆದರೆ ಜನ ನಂಬುವ ಗಂಡಸರನ್ನು ಆರಿಸಿ, ಡೋರ್ನಕಲ್‌ನಲ್ಲಿ ಅವರಿಗೆ ತೆಲುಗಿನಲ್ಲೇ ತರಬೇತಿ ಕೊಟ್ಟು ಗುರುದೀಕ್ಷೆ ನೀಡಿದರು. ಅವರ ಹೆಂಡತಿಯರಿಗೂ ಪಾಠಗಳಿದ್ದವು. ಗುರುವಿನ ಮನೆಯೇ ಹಳ್ಳಿಗೆ ಪಾಠಶಾಲೆ ಎಂಬುದು ಅವರ ಲೆಕ್ಕ. ಅಗ್ಗದ ಗುರುಗಳನ್ನು ತಯಾರಿಸುತ್ತಿದ್ದಾರೆ ಎಂಬ ಟೀಕೆ ಬಂತು. ಟೀಕೆಯಲ್ಲಿ ಸ್ವಲ್ಪ ಹುರುಳೂ ಇತ್ತು. ಆದರೆ 1930ರ ದಶಕದ ಹೊತ್ತಿಗೆ ಆರು ಇದ್ದ ಭಾರತೀಯ ಗುರುಗಳ ಸಂಖ್ಯೆ ನೂರನ್ನು ದಾಟಿತ್ತು. ಬೇರೆ ಯಾವ ದಾರಿಯಲ್ಲೂ ಅದು ಸಾಧ್ಯವಿರಲಿಲ್ಲ.

ಹಣದ ವಿಷಯದಲ್ಲಿ ಅವರು ಕಠಿಣರು. ಬಡವನಿಗೆ ಕೊಡುವುದು ಏನೂ ಇಲ್ಲ ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಅಡುಗೆಗೆ ಅಕ್ಕಿ ಅಳೆಯುವಾಗ ಹೆಣ್ಣುಮಕ್ಕಳು ಒಂದು ಹಿಡಿ ಬೇರೆ ತೆಗೆದಿಡಬೇಕು; ವಾರದ ಕೊನೆಗೆ ಅದು ಸಭೆಗೆ ಸೇರಬೇಕು. ಸುಗ್ಗಿಯ ಹಬ್ಬದಲ್ಲಿ ಕಾಳು, ಕೋಳಿ, ಮೊಟ್ಟೆ, ತರಕಾರಿ ಏನು ಬೆಳೆದಿದ್ದರೆ ಅದು. ಕೈಯೊಡ್ಡಿಯೇ ಬದುಕಿದ ಜನ ಕೊಡುವವರಾದಾಗ ಅವರ ಬೆನ್ನು ನೆಟ್ಟಗಾಗುತ್ತದೆ ಎಂದು ಅಜರಯ್ಯ ನಂಬಿದ್ದರು. ಕ್ರೈಸ್ತ ದಾನದ ಕುರಿತು ಅವರು ಬರೆದ ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಯಿತು. ಆದರೂ ಸಭಾಪ್ರಾಂತ್ಯ ವಿದೇಶಿ ಹಣದ ಹಂಗಿನಿಂದ ಪೂರ್ತಿ ಬಿಡಿಸಿಕೊಳ್ಳಲು ಅವರ ಕಾಲದಲ್ಲಿ ಆಗಲಿಲ್ಲ. ಶಾಲೆ, ಆಸ್ಪತ್ರೆಗಳ ವೆಚ್ಚ ಹಿಡಿ ಅಕ್ಕಿಯಲ್ಲಿ ತೂಗುವಂಥದ್ದಾಗಿರಲಿಲ್ಲ.

ಕೊಳೆ, ಕಾಯಿಲೆ, ಸಾಲ, ಕುಡಿತ - ಈ ನಾಲ್ಕು ಹಳ್ಳಿಯನ್ನು ಹಿಡಿದ ಭೂತಗಳು ಎಂದು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ ವರ್ಷದ ಬಹುಭಾಗ ಪ್ರವಾಸ. ಅನ್ಬು ಅವರೂ ಜತೆಗಿರುತ್ತಿದ್ದರು. ಬಿಷಪ್ಪರು ಗಂಡಸರೊಡನೆ ಮಾತಿಗೆ ಕುಳಿತರೆ ಆಕೆ ಹೆಂಗಸರ ನಡುವೆ ಕೂರುತ್ತಿದ್ದರು. ತಮಿಳಿನವರಾದ ಅಜರಯ್ಯನವರನ್ನು ತೆಲುಗರು ಪ್ರೀತಿಯಿಂದ ಕರೆದದ್ದು ತಂಡ್ರಿಗಾರು, ಅಂದರೆ ಅಪ್ಪಾಜಿ ಎಂದು.

ಹೊರಗಿನ ಭೂತಗಳನ್ನಾದರೂ ಓಡಿಸಬಹುದಿತ್ತು. ಸಭೆಯ ಒಳಗೇ ಹೊಕ್ಕಿದ್ದ ಜಾತಿಯನ್ನು ಓಡಿಸುವುದು ಸುಲಭವಿರಲಿಲ್ಲ. ಮಾಲರು ಮಾದಿಗರ ಕೈಯಲ್ಲಿ ನೀರು ಮುಟ್ಟರು. ಮಾಲ ಗುರು ಬಂದರೆ ಮಾದಿಗ ಕೇರಿ ಮುನಿಸಿಕೊಳ್ಳುತ್ತಿತ್ತು. ಮಾದಿಗ ಗುರು ಬಂದರೆ ಮಾಲ ಕೇರಿ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯುವವರು ಮನೆಯ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಮುಂದೆ ಕೆಲವೆಡೆ ಮೇಲ್ಜಾತಿಯ ರೈತರೂ ಸಭೆಗೆ ಬಂದಾಗ ಇನ್ನೊಂದು ಪದರ ಸೇರಿತು. ಡೋರ್ನಕಲ್‌ನ ಶಾಲೆಗಳಲ್ಲಿ, ಗುರುಗಳ ತರಬೇತಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಉಣ್ಣಿಸುವುದನ್ನು ಅಜರಯ್ಯ ಬಿಡಲಿಲ್ಲ. ಅಲ್ಲಿ ಗೆದ್ದರು. ಹಳ್ಳಿಗಳಲ್ಲಿ ಗೆದ್ದರೆಂದು ಹೇಳುವಂತಿಲ್ಲ.

ಗಾಂಧೀಜಿಯೊಡನೆ ಭಿನ್ನಮತ

ದೂರದಿಂದ ನೋಡಿದರೆ ಗಾಂಧೀಜಿ ಮತ್ತು ಅಜರಯ್ಯ ಒಂದೇ ದಾರಿಯ ಪಯಣಿಗರಂತೆ ಕಾಣುತ್ತಾರೆ. ಇಬ್ಬರಿಗೂ ಹಳ್ಳಿಯೇ ಭಾರತ. ಇಬ್ಬರೂ ಕುಡಿತದ ವೈರಿಗಳು, ಶುಚಿತ್ವದ ಹಠಮಾರಿಗಳು. ಅಸ್ಪೃಶ್ಯತೆ ಇಬ್ಬರಿಗೂ ಪಾಪ. ಆದರೂ 1930ರ ದಶಕದಲ್ಲಿ ಇಬ್ಬರೂ ಎದುರುಬದುರಾದರು.

1932ರ ಕೋಮುವಾರು ತೀರ್ಪಿನ ವಿಷಯದಲ್ಲಿ ಅಜರಯ್ಯ ರಾಷ್ಟ್ರೀಯವಾದಿಗಳ ಪಕ್ಕದಲ್ಲೇ ನಿಂತಿದ್ದರು. ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಎಂದು ಬಹಿರಂಗವಾಗಿ ವಿರೋಧಿಸಿದರು. ಸಭೆ ಮತಗಳ ಲೆಕ್ಕದ ರಾಜಕೀಯ ಪಂಗಡವಾದರೆ ಅದರ ಆತ್ಮವೇ ಹೋಗುತ್ತದೆ. ನೆರೆಹೊರೆಯವರಿಂದ ಅದು ದೂರವಾಗುತ್ತದೆ ಎಂಬುದು ಅವರ ನಿಲುವು. ಸ್ವಂತ ಸಮುದಾಯದ ಲಾಭಕ್ಕೆ ಕಲ್ಲು ಹಾಕಿದ ನಾಯಕ ಎಂಬ ಆಕ್ಷೇಪವನ್ನು ಅವರು ಕೇಳಿಸಿಕೊಳ್ಳಬೇಕಾಯಿತು.

1935ರ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ ಡಾ. ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಮೇಲೆ ಮತಾಂತರದ ಪ್ರಶ್ನೆ ದೇಶದ ಪ್ರಶ್ನೆಯಾಯಿತು. ದಲಿತರು ಸಾಮೂಹಿಕವಾಗಿ ಕ್ರೈಸ್ತರಾಗುವುದು ಗಾಂಧೀಜಿಗೆ ಒಪ್ಪಿಗೆಯಿರಲಿಲ್ಲ. ಹಸಿದವರಿಗೆ ಅನ್ನ, ಔಷಧಿ, ಶಾಲೆ ತೋರಿಸಿ ಮತ ಬದಲಿಸುವುದು ಸೇವೆಯಲ್ಲ ಎಂದು ಅವರು ಭಾವಿಸಿದ್ದರು. ಅಜರಯ್ಯನವರ ಉತ್ತರ ಬೇರೆ. ಮಾಲ, ಮಾದಿಗರಿಗೆ ತಮ್ಮ ಆತ್ಮದ ಬಗ್ಗೆ ತಾವೇ ತೀರ್ಮಾನಿಸುವ ಬುದ್ಧಿಯಿದೆ. ಅವರ ಪರವಾಗಿ ಬೇರೊಬ್ಬರು ತೀರ್ಮಾನಿಸುವುದೇ ಅವರಿಗೆ ಮಾಡುವ ಅವಮಾನ. ಕ್ರೈಸ್ತರಾದ ಮೇಲೆ ಜಮೀನ್ದಾರರ ಹೊಡೆತವನ್ನೂ ಬಹಿಷ್ಕಾರವನ್ನೂ ಎದುರಿಸಿದ ಕೇರಿಗಳನ್ನು ಕಂಡವರಿಗೆ ಇದು ಅನ್ನಕ್ಕಾಗಿ ಮಾಡಿದ ವ್ಯಾಪಾರವೆಂದು ಕಾಣುವುದಿಲ್ಲ ಎಂಬುದು ಅವರ ವಾದವಾಗಿತ್ತು.

ಇಬ್ಬರ ವಾದದಲ್ಲೂ ತೂಕವಿದೆ. ಗಾಂಧೀಜಿ ಹೇಳಿದಂಥ ಆಮಿಷಗಳು ಮಿಷನ್ ಕ್ಷೇತ್ರಗಳಲ್ಲಿ ಇರಲೇ ಇಲ್ಲವೆನ್ನಲಾಗದು. ಆದರೆ ಕೇರಿಯೊಳಗೆ ಮೂರು ದಶಕ ಓಡಾಡಿದ ಅನುಭವ ಅಜರಯ್ಯನವರದಾಗಿತ್ತು. ಸ್ವಾತಂತ್ರ್ಯ ಹೋರಾಟದ ಚರಿತ್ರೆ ಬರೆದವರು ಅವರನ್ನು ಬಹುತೇಕ ಮರೆತದ್ದಕ್ಕೆ ಈ ಭಿನ್ನಮತವೂ ಒಂದು ಕಾರಣವಿರಬಹುದು.

ಗುಮ್ಮಟ, ಮಿನಾರು, ಕಂಬ

1939ರ ಜನವರಿ 6ರಂದು ಡೋರ್ನಕಲ್‌ನ ಎಪಿಫನಿ ಕೆಥೆಡ್ರಲ್ ಪ್ರತಿಷ್ಠೆಯಾಯಿತು. ಕನಸಿನಿಂದ ಕಟ್ಟಡದವರೆಗೆ ಸುಮಾರು ಕಾಲು ಶತಮಾನ ಹಿಡಿದಿತ್ತು. ಮೊನಚು ಗೋಪುರದ ಇಂಗ್ಲಿಷ್ ಚರ್ಚುಗಳನ್ನು ಕಂಡವರಿಗೆ ಅದು ಚರ್ಚೇ ಅಲ್ಲವೆನಿಸೀತು. ಮಸೀದಿಯಂತೆ ಗುಮ್ಮಟ, ಮಿನಾರುಗಳು. ದಕ್ಷಿಣದ ದೇವಾಲಯಗಳಂತೆ ಕಂಬಗಳ ಸಾಲು. ಅವುಗಳ ನಡುವೆ ಶಿಲುಬೆ. ನಿಜಾಮನ ನೆಲದಲ್ಲಿ, ತೆಲುಗರ ನಾಡಿನಲ್ಲಿ ಕ್ರಿಸ್ತನ ಮನೆ ಹೀಗೆಯೇ ಇರಬೇಕು ಎಂದು ಅಜರಯ್ಯ ಬಯಸಿದ್ದರು.

ವಿಚಿತ್ರವೆಂದರೆ ಈ ಕಟ್ಟಡದೊಳಗೆ ನಡೆಯುತ್ತಿದ್ದ ಆರಾಧನೆ ಮಾತ್ರ ಬಹುಮಟ್ಟಿಗೆ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದ ಕ್ರಮದಲ್ಲೇ ಇತ್ತು. ತೆಲುಗಿನ ಹಾಡು, ಹಬ್ಬಗಳಿಗೆ ಅವರು ಬಾಗಿಲು ತೆರೆದರು. ಬಿಷಪ್ಪರ ನಿಲುವಂಗಿಯನ್ನು, ಆಂಗ್ಲಿಕನ್ ಶಿಸ್ತನ್ನು ಬಿಡಲಿಲ್ಲ. ಅಧಿಕಾರವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರೆಂಬ ದೂರು ಅವರ ಮೇಲಿತ್ತು. ತಂದೆ ಎಂದು ಕರೆಸಿಕೊಂಡವರು ಮಕ್ಕಳನ್ನು ಮಕ್ಕಳಾಗಿಯೇ ಕಾಣುವ ಅಪಾಯ ಇದ್ದೇ ಇರುತ್ತದೆ.

ಆದರೆ ಒಂದು ವಿಷಯದಲ್ಲಿ ಅವರು ಹಳೆಯ ಗೋಡೆಗಳನ್ನು ಒಡೆಯಲು ಹಿಂಜರಿಯಲಿಲ್ಲ. ಒಂದೇ ಹೋಬಳಿಯಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಎಂದು ಬೇರೆ ಬೇರೆ ಸಭೆಗಳು. ಯೂರೋಪಿನ ಮೂರು ನಾಲ್ಕು ಶತಮಾನಗಳ ಹಿಂದಿನ ಜಗಳಗಳನ್ನು ತೆಲುಗು ಕೂಲಿಕಾರ ಏಕೆ ಹೊರಬೇಕು? ಮೊದಲೇ ಜಾತಿಯಿಂದ ಹೋಳಾದವರಿಗೆ ಇನ್ನಷ್ಟು ಹೋಳುಗಳೇಕೆ? 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಮಂದಿ ಸೇರಿ ಸಭೆಗಳ ಐಕ್ಯಕ್ಕೆ ಕರೆ ನೀಡಿದರು. ಇಬ್ಬರ ಹೊರತು ಅವರೆಲ್ಲರೂ ಭಾರತೀಯರು, ಮುಂದಾಳು ಅಜರಯ್ಯ. ಆಮೇಲಿನದು ಸಮಿತಿಗಳ, ಕರಡುಗಳ, ತಿದ್ದುಪಡಿಗಳ ದೀರ್ಘ ಕಥೆ. ಬಿಷಪ್ಪರೇ ಇಲ್ಲದ ಸಂಪ್ರದಾಯಗಳಿಂದ ಬಂದ ಗುರುಗಳಿಗೆ ಮತ್ತೆ ದೀಕ್ಷೆ ಕೊಡಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆ ವರ್ಷಗಟ್ಟಲೆ ಕಾಡಿತು. ಇಂಗ್ಲೆಂಡಿನ ಆಂಗ್ಲಿಕನ್ನರಲ್ಲಿ ಅನೇಕರಿಗೆ ಈ ಯೋಜನೆಯೇ ಅಪಥ್ಯವಾಗಿತ್ತು. ಅಜರಯ್ಯ 1927ರಲ್ಲಿ ಲಾಸೇನ್‌ನಲ್ಲಿ, 1930ರಲ್ಲಿ ಲ್ಯಾಂಬೆತ್‌ನಲ್ಲಿ ಇದನ್ನೇ ವಾದಿಸಿದರು. ಪಶ್ಚಿಮದವರಿಗೆ ಐಕ್ಯ ಒಂದು ಒಳ್ಳೆಯ ಆದರ್ಶವಿರಬಹುದು, ಭಾರತದ ಸಭೆಗೆ ಅದು ಉಳಿವಿನ ಪ್ರಶ್ನೆ ಎಂಬುದನ್ನು ತಿಳಿಸಿಹೇಳುವುದರಲ್ಲಿ ಅವರ ಕೊನೆಯ ಎರಡು ದಶಕಗಳ ಬಹಳಷ್ಟು ಶಕ್ತಿ ವ್ಯಯವಾಯಿತು.

ಐಕ್ಯವನ್ನು ಅವರು ಕಣ್ಣಾರೆ ಕಾಣಲಿಲ್ಲ. 1945ರ ಜನವರಿ 1ರಂದು ಡೋರ್ನಕಲ್‌ನಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ನಿಧನರಾದರು. ಮೂವತ್ತೆರಡು ವರ್ಷ ಭಾರತೀಯ ಬಿಷಪ್ಪರನ್ನು ಕಂಡಿದ್ದ ಪ್ರಾಂತ್ಯಕ್ಕೆ ಅವರ ನಂತರ ಬಿಷಪ್ ಆಗಿ ಬಂದವರು ಅವರ ಸಹಾಯಕರಾಗಿದ್ದ ಆಂಗ್ಲ ಎಲಿಯಟ್.

1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾಗಿ ಆರು ವಾರಗಳಾದ ಮೇಲೆ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರೆಗೇಷನಲಿಸ್ಟರು ಒಂದೇ ಸಭೆಯಾದರು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಅಂದು ಅದರೊಳಗೆ ಬಂದವು. ಬೆಂಗಳೂರಿನಲ್ಲಿ ಆಂಗ್ಲಿಕನ್ನರು ಕಟ್ಟಿದ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ಲೂ, ವೆಸ್ಲಿಯನ್ ಮಿಷನರಿಯ ನೆನಪಿನ ಹಡ್ಸನ್ ಚರ್ಚೂ ಇಂದು ಒಂದೇ ಸಿಎಸ್‌ಐ ಫಲಕದ ಕೆಳಗಿರುವುದು ಈ ಕಾರಣದಿಂದ.